ಇಲಿಯ ಮೀಸೆ ಮತ್ತು ನಾಲ್ಕು ಮಗ್ಗ

ಆಗಸ್ಟ್ ೧೮, ೧೯೯೭, ಸೋಮವಾರ

ಇವತ್ತೂ ಗೆರೆ. ಚಿತ್ರದ ಉದ್ದಕ್ಕೂ ಅಡ್ಡಡ್ಡ ಗೆರೆ. ಇಲಿಯ ಮಿದುಳು ಯಾವುದು, ಗೆರೆ ಯಾವುದು ಎಂದು ಹೇಳುವುದೇ ಕಷ್ಟ. ಈ ಪ್ರಯೋಗ ನಡೆಸುವ ವಸಂತ್ ಸರ್ ಬೈಯಲಿಲ್ಲ. ಬೈದಿದ್ದರೆ ವಾಸಿ. ಸುಮ್ಮನೆ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ಅವರು ಕಿಟಕಿಯ ಹತ್ತಿರ ನಿಂತ ದಿನ ನನಗೆ ಊಟ ಸೇರುವುದಿಲ್ಲ.

ಸಂಸ್ಥೆಯ ಲಾಗ್ ಪುಸ್ತಕದಲ್ಲಿ ಕೆಲಸದ ಮಾತು ಬಿಟ್ಟು ಬೇರೇನೂ ಬರೆಯುವಂತಿಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣ. ಅದಕ್ಕೇ ಈ ನೋಟ್‌ಬುಕ್ಕು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು: "ಅಲ್ಲ ಚೌಡೇಶ, ಎಂಟು ವರ್ಷ ಆಯ್ತು, ಅಲ್ಲಿ ನೀನು ಮಾಡೋ ಕೆಲ್ಸ ಏನಪ್ಪಾ?"

"ಇಲಿಗೆ ಮೀಸೆ ಇರ್ತದಲ್ಲಮ್ಮ. ಒಂದೊಂದು ಮೀಸೆ ಕೂದಲಿಗೂ ಮಿದುಳಲ್ಲಿ ಒಂದೊಂದು ಜಾಗ ಇದೆ. ಒಂದು ಕೂದಲು ಅಲ್ಲಾಡಿಸಿದ್ರೆ ಅದರ ಜಾಗಕ್ಕೆ ರಕ್ತ ಜಾಸ್ತಿ ಹೋಗ್ತದೆ. ತಲೆ ಕುಯ್ಯದೆ, ದೊಡ್ಡ ಅಯಸ್ಕಾಂತದೊಳಗಿಟ್ಟು ಅದರ ಚಿತ್ರ ತೆಗೀತೀವಿ."

"ಕಂಡ್ರಾ?"

"ಕಾಣ್ತದೆ, ಆದ್ರೆ ಮಸುಕು. ಪಕ್ಕಪಕ್ಕದ ಎರಡು ಕೂದಲು ಅಲ್ಲಾಡಿಸಿದ್ರೂ ಒಂದೇ ಚುಕ್ಕೆ ಥರ ಕಾಣ್ತದೆ. ಅದನ್ನ ಎರಡಾಗಿ ತೋರಿಸ್ಬೇಕು. ಅಷ್ಟೇ ಕೆಲ್ಸ."

ನಮ್ಮ ಅಣ್ಣ ಕುಮಾರಣ್ಣ ಮುದ್ದೆ ಮುರಿಯುತ್ತ, "ಬೆಟ್ಟ ಅಗೆದು ಇಲಿ ಹಿಡಿಯೋದು ಕೇಳಿದ್ದೆ. ಇವ್ನು ಇಲಿ ಹಿಡ್ದು ಬೆಟ್ಟ ಅಗೀತಾವ್ನೆ," ಎಂದ. ಅಪ್ಪನೂ ನಕ್ಕರು. ನಾನೂ ನಗಬೇಕಾಯಿತು.

ಅವರಿಗೆ ಹೇಳದ ಮಾತೊಂದಿದೆ. ಡಿಸೆಂಬರಿನಲ್ಲಿ ನಮ್ಮ ಕೆಲಸ ಪರೀಕ್ಷಿಸಲು ದೊಡ್ಡವರ ಸಮಿತಿ ಬರುತ್ತದೆ. ಅಷ್ಟರೊಳಗೆ ಎರಡು ಚುಕ್ಕೆ ತೋರಿಸದಿದ್ದರೆ ಅಯಸ್ಕಾಂತವನ್ನು ಬಿಚ್ಚಿ ಬೇರೆ ಊರಿನ ಸಂಸ್ಥೆಗೆ ಕಳಿಸುತ್ತಾರೆ. ಸರ್ ಅದರ ಹಿಂದೆ ಹೋಗುತ್ತಾರೆ. ಡಿಪ್ಲೊಮಾ ಓದಿದ ನಾನು ಅಣ್ಣನ ನಾಲ್ಕು ಕರೆಂಟ್ ಮಗ್ಗಗಳ ಮುಂದೆ ನಿಲ್ಲುತ್ತೇನೆ. ಆ ಲಟಪಟದಿಂದ ತಪ್ಪಿಸಿಕೊಳ್ಳಲೆಂದೇ ನಾನು ಓದಿದ್ದು. ಮಗ್ಗದ ಶೆಡ್ಡು ಮನೆಗೇ ಅಂಟಿಕೊಂಡಿದೆ, ಈಗಲೂ ಮನೆಯಲ್ಲಿರುವಷ್ಟು ಹೊತ್ತು ಕಿವಿಗೆ ಹತ್ತಿ.

ಸೆಪ್ಟೆಂಬರ್ ೧, ಸೋಮವಾರ

ಬಂತು! ಗೆರೆಯಿಲ್ಲ! ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಒಂದು ಗೆರೆಯಿಲ್ಲ. ಒಂದು ಚುಕ್ಕೆ ನಡುವೆ ಸಣ್ಣಗಾಗಿ, ಇನ್ನೇನು ಎರಡಾಗುತ್ತದೆ ಎನ್ನುವಷ್ಟು ತಿಳಿಯಾಗಿತ್ತು.

ಇಲಿಯ ತಲೆಯ ಮೇಲೆ ಕೂರಿಸುವ ತಾಮ್ರದ ಸುರುಳಿಯನ್ನು ಶನಿವಾರ ನಾನು ಹೊಸದಾಗಿ ಸುತ್ತಿದ್ದೆ, ನಾಲ್ಕಾಣೆಗಿಂತ ಚಿಕ್ಕದು. ಮಿದುಳಿನ ಸಣ್ಣ ಸಂಕೇತವನ್ನು ಹಿಡಿಯುವುದು ಅದೇ. ಸರ್ ನನ್ನ ಬೆನ್ನು ತಟ್ಟಿ, "ನಿಮ್ಮ ಕೈ ಬರೀ ಕೈಯಲ್ಲ ರೀ ಚೌಡೇಶ್," ಎಂದರು. ಇಲಿಗಳನ್ನು ನೋಡಿಕೊಳ್ಳುವ ಲಕ್ಕಮ್ಮನಿಗೂ ಹೇಳಿದರು. ಅವಳು ಇಲಿಯನ್ನು ಗೂಡಿಗೆ ಬಿಡುತ್ತ, "ಎಲ್ರೂ ಚೌಡೇಸಣ್ಣನ್ನೇ ಹೊಗಳ್ರಿ. ಅಲ್ಲಾಡ್ದೆ ಮಲ್ಗಿದ್ದು ನನ್ ಮಗ," ಎಂದಳು.

ಮೈಸೂರು ಪಾಕ್ ತಂದೆ. ಮನೆಯಲ್ಲಿ ಅಮಾವಾಸ್ಯೆ, ಮಗ್ಗಕ್ಕೆ ರಜ. ಅಮ್ಮ ನಾಲ್ಕನ್ನೂ ಒರೆಸಿ ಕುಂಕುಮ ಇಟ್ಟಿದ್ದಳು. ಹತ್ತಿ ಇಲ್ಲದೆ ಮಲಗಿದೆ.

ಸೆಪ್ಟೆಂಬರ್ ೨

ಗೆರೆ. ಅದೇ ಸುರುಳಿ, ಅದೇ ಇಲಿ.

ಸೆಪ್ಟೆಂಬರ್ ೧೧, ಗುರುವಾರ

ಅಪ್ಪನಿಗೆ ಲಕ್ವ ಹೊಡೆದಿದೆ. ಮಂಗಳವಾರ ಬೆಳಿಗ್ಗೆ ಮೂರನೆಯ ಮಗ್ಗದ ಲಾಳಿ ತೆಗೆಯಲು ಬಗ್ಗಿದವರು ಹಾಗೇ ಕುಸಿದರು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಫಿಲ್ಮ್ ಕೊಟ್ಟರು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಎಡಗಡೆ ಕಪ್ಪಾಗಿ ಒಂದು ದೊಡ್ಡ ತೇಪೆ. ಅಷ್ಟು ದೊಡ್ಡದನ್ನು ನೋಡಲು ಒಳ್ಳೆಯ ಯಂತ್ರ ಬೇಕಾಗಿಲ್ಲ.

ಸೆಪ್ಟೆಂಬರ್ ೧೯

ಅಪ್ಪನನ್ನು ಮನೆಗೆ ಕರೆತಂದೆವು. ಡಾಕ್ಟರು ಮಾಡುವುದೆಲ್ಲ ಮಾಡಿಯಾಯಿತಂತೆ.

ಸಂಜೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದಳು. "ಮಿದುಳು ನೋಡೋ ಮೆಷೀನು ನಿಂ ಹತ್ರಾನೇ ಐತೆ. ಇಲಿಗೆ ನೋಡ್ತೀರ. ನಿಮ್ಮಪ್ಪಂಗೆ ಒಂದ್ಸಲ ನೋಡಕ್ಕಾಗಲ್ವಾ?"

"ಅದರ ಬಾಯಿ ಚೊಂಬಿನಷ್ಟು ಇದೆ ಅಮ್ಮ. ಇಲಿ ಬಿಟ್ರೆ ಏನೂ ಹಿಡಿಯಲ್ಲ. ನೋಡಿದ್ರೂ ವಾಸಿ ಮಾಡೋ ಮೆಷೀನಲ್ಲ ಅದು, ಬರೀ ನೋಡೋದು."

"ನಿಂ ಸಾಹೇಬ್ರನ್ನ ಕೇಳ್ನೋಡು."

"ಕೇಳಿದ್ರೆ ಬಾಯಿ ದೊಡ್ಡದಾಗತ್ತಾ?" ಎಂದು ರೇಗಿಬಿಟ್ಟೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ಹಾಗೆ ಹೇಳಬಾರದಿತ್ತು. ಎಂಟು ವರ್ಷ ಮಿದುಳಿನ ಚಿತ್ರ ತೆಗೆದಿದ್ದೇನೆ, ನನ್ನ ಅಪ್ಪನ ಮಿದುಳಿಗೆ ನನ್ನಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ಇದನ್ನು ಯಾರಿಗೆ ಹೇಳಲಿ?

ಅಪ್ಪ ಮಂಚದ ಮೇಲೆ ಮಲಗಿದ್ದಾಗ ಎಡಗೈಯ ಬೆರಳಿನಿಂದ ಮಂಚದ ಪಟ್ಟಿಗೆ ಬಡಿಯುತ್ತಿರುತ್ತಾರೆ. ಟಕ್ ಟಕ್, ಟಕ್ ಟಕ್. ಮಗ್ಗದ ಏಟಿಗೆ ಸರಿಯಾಗಿ. ನಿನ್ನೆ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತ ಅದನ್ನೇ ನೋಡುತ್ತಿದ್ದೆ. ಇವತ್ತು ಸಂಸ್ಥೆಯಲ್ಲಿ ಕರೆಂಟಿನ ವೋಲ್ಟ್ ಮೀಟರಿನ ಮುಂದೆ ಸುಮ್ಮನೆ ನಿಂತಿದ್ದೆ. ಮುಳ್ಳು ಕೂದಲೆಳೆಯಷ್ಟು ಅದುರುತ್ತಿತ್ತು. ನೋಡುತ್ತ ನೋಡುತ್ತ ನನ್ನ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಟಕ್ ಟಕ್, ಟಕ್ ಟಕ್.

ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ನೂರಹತ್ತು. ನಮ್ಮ ಮಗ್ಗದ ಏಟು ನಿಮಿಷಕ್ಕೆ ನೂರಹತ್ತು.

ಸಂಸ್ಥೆಗೂ ನಮ್ಮ ಶೆಡ್ಡಿಗೂ ಒಂದೇ ಟ್ರಾನ್ಸ್‌ಫಾರ್ಮರು. ಮಗ್ಗ ಒಂದೊಂದು ಏಟು ಹಾಕಿದಾಗಲೂ ಮೋಟಾರು ಕರೆಂಟನ್ನು ಎಳೆಯುತ್ತದೆ, ಇಲ್ಲಿ ವೋಲ್ಟೇಜು ಜಗ್ಗುತ್ತದೆ. ಮನುಷ್ಯರಿಗೆ ಅದು ತಿಳಿಯುವುದಿಲ್ಲ. ಇಲಿಯ ಮೀಸೆ ಹುಡುಕುವ ಯಂತ್ರಕ್ಕೆ ತಿಳಿಯುತ್ತದೆ. ಹೋದ ವರ್ಷ ದೊಡ್ಡಬಳ್ಳಾಪುರದ ಮನೆ ಪಾಲಾದಾಗ, "ದೊಡ್ಡಬೆಳವಂಗಲದ ಕಡೆ ಜಾಗ ಇದೆ, ಟ್ರಾನ್ಸ್‌ಫಾರ್ಮರು ಪಕ್ಕದಲ್ಲೇ ಇದೆ, ನನಗೂ ಸೈಕಲ್ಲಲ್ಲಿ ಹೋಗಿಬರೋ ದೂರ," ಎಂದು ಅಣ್ಣನನ್ನು ಇಲ್ಲಿಗೆ ಕರೆತಂದವನು ನಾನೇ. ಗೆರೆ ಶುರುವಾಗಿದ್ದೂ ಹೋದ ವರ್ಷವೇ.

ಸರ್‌ಗೆ ಹೇಳಬಹುದು. ಸರ್ ನಿರ್ದೇಶಕರಿಗೆ ಹೇಳಲೇಬೇಕಾಗುತ್ತದೆ, ಅವರು ಕರೆಂಟಿನವರಿಗೆ ಬರೆಯುತ್ತಾರೆ. ಕರೆಂಟಿನವರು ಬಂದರೆ ಮೊದಲು ಕಾಣುವುದು, ಪಂಪ್‌ಸೆಟ್ಟಿಗೆಂದು ಕೊಟ್ಟ ಲೈನಿನಲ್ಲಿ ಅಣ್ಣ ಮಗ್ಗ ಓಡಿಸುತ್ತಿರುವುದು. ಅವತ್ತೇ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಹೇಳಿದರೆ ಮನೆ ಮುಳುಗುತ್ತದೆ, ಹೇಳದಿದ್ದರೆ ಸಂಸ್ಥೆ.

ಅಕ್ಟೋಬರ್ ೧, ಬುಧವಾರ, ಮಹಾಲಯ ಅಮಾವಾಸ್ಯೆ

ಸರ್‌ಗೆ ಫೋನ್ ಮಾಡಿ, "ರಜ ಇದ್ರೂ ಬನ್ನಿ ಸರ್, ಇವತ್ತು ಬರ್ತದೆ," ಎಂದೆ. ಬಂತು. ಎರಡು ಚುಕ್ಕೆ. ಒಂದು ಮೀಸೆಗೆ ಒಂದು, ಪಕ್ಕದ ಮೀಸೆಗೆ ಇನ್ನೊಂದು, ನಡುವೆ ಸಾಸಿವೆ ಕಾಳು ಕೂಡ ಹಿಡಿಯದಷ್ಟು ಜಾಗ. ಸರ್ ಹುಡುಗರ ಥರ ಕುಣಿದರು. ಸಮೇತನಹಳ್ಳಿಯಲ್ಲಿ ಹೊಲ ನೋಡಿಕೊಳ್ಳುವ ಅವರ ತಂದೆಗೆ ಅಲ್ಲಿಂದಲೇ ಫೋನ್ ಮಾಡಿದರು.

ಮನೆಗೆ ಬಂದರೆ ಅಪ್ಪ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಕತ್ತು ಹೊರಳಿಸಿ ಹೊರಳಿಸಿ ಮಗ್ಗಗಳ ಕಡೆ ನೋಡುತ್ತಿದ್ದರು. ಗಂಟಲಿನಿಂದ ಒಂದು ಸದ್ದು. ಎಡಗೈಯಿಂದ ಮಂಚ ಗುದ್ದಿ ಗುದ್ದಿ ಗೆಣ್ಣು ಕೆಂಪಾಗಿತ್ತು.

"ಮಗ್ಗ ನಿಂತಾಗಿಂದ ಹಿಂಗೇ ಕಣಪ್ಪ. ಏನೋ ಆಗ್ಬಿಟ್ಟೈತೆ ಅಂದ್ಕೊಂಡವ್ರೆ. ಅಮಾಸೆ ಅಂತ ಎಷ್ಟ್ ಹೇಳಿದ್ರೂ ತಲೇಗ್ ಹೋಗ್ತಿಲ್ಲ," ಎಂದಳು ಅಮ್ಮ.

ನಾನೂ ಹೇಳಿದೆ, ಕಿವಿಯ ಹತ್ತಿರ ಬಾಯಿಟ್ಟು. ಅವರು ನನ್ನ ಮುಖ ನೋಡಿ ಅತ್ತರು. ಅಪ್ಪ ಅತ್ತಿದ್ದನ್ನು ನಾನು ಈ ಮೂವತ್ತೊಂದು ವರ್ಷದಲ್ಲಿ ನೋಡಿರಲಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಸಮಿತಿಯಿಂದ ಕಾಗದ. ಎರಡು ದಿನ ಮಾತ್ರ ಬಂದ ಚಿತ್ರವನ್ನು ಅವರು ನಂಬುವುದಿಲ್ಲ. ಡಿಸೆಂಬರ್ ೧೧, ಗುರುವಾರ, ಹನ್ನೊಂದು ಗಂಟೆಗೆ ತಮ್ಮ ಕಣ್ಣೆದುರಿಗೆ ತೆಗೆದು ತೋರಿಸಬೇಕಂತೆ.

"ನವೆಂಬರ್ ಇಪ್ಪತ್ತೊಂಬತ್ತಕ್ಕೆ ಕರೀಬಹುದಾ ಸರ್?" ಎಂದೆ.

"ಯಾಕೆ, ಅವತ್ತೇನಿದೆ?"

"ಅಮಾವಾಸ್ಯೆ."

ಸರ್ ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. "ಚೌಡೇಶ್, ಎರಡು ಸಲಾನೂ ಅಮಾವಾಸ್ಯೆ ಬಂದಿದ್ದು ನಾನೂ ನೋಡಿದೀನಿ. ಅದಕ್ಕೆ ಕಾರಣ ಹೇಳಿ, ಬರೆದು ಕಳಿಸ್ತೀನಿ. ಪಂಚಾಂಗ ನೋಡಿ ಪ್ರಯೋಗ ಮಾಡ್ತೀವಿ ಅಂತ ಬರೆಯೋಕಾಗುತ್ತೇನ್ರೀ?"

ಕಾರಣ ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಸರ್ ಒಳ್ಳೆಯವರು. ಒಳ್ಳೆಯವರಿಗೆ ಮೋಸ ಮಾಡುವುದು ಕಷ್ಟ ಎನ್ನುತ್ತಾರೆ. ಕಷ್ಟವೇನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು.

ಅಕ್ಟೋಬರ್ ೩೧, ದೀಪಾವಳಿ ಅಮಾವಾಸ್ಯೆ

ನಮ್ಮ ವಂಶದಲ್ಲಿ ಯಾರೂ ಮಾಡದ ಕೆಲಸವನ್ನು ಇವತ್ತು ಅಮ್ಮ ಮಾಡಿಸಿದಳು. ಅಮಾವಾಸ್ಯೆಯ ದಿನ ಮಗ್ಗ ಓಡಿಸಿದಳು.

ಬೆಳಿಗ್ಗೆ ಮಗ್ಗ ನಿಂತಿದ್ದೇ ಅಪ್ಪ ಮತ್ತೆ ಮಂಚ ಗುದ್ದತೊಡಗಿದರು. ಹತ್ತು ಗಂಟೆಯವರೆಗೆ ನೋಡಿದಳು. ಆಮೇಲೆ ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಚೌಡೇಶ್ವರಮ್ಮನ ಪಟದ ಮುಂದೆ ತಪ್ಪುಕಾಣಿಕೆ ಇಟ್ಟು, "ಕುಮಾರ, ಮೂರ್ನೇದನ್ನ ಓಡ್ಸು. ನೂಲು ಬೇಡ, ಬರೀ ಮಗ್ಗ ಓಡ್ಸು," ಎಂದಳು. ಕುಮಾರಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನೇಯದ ಮಗ್ಗ ಖಾಲಿ ಖಾಲಿ ಓಡಿತು. ಅಪ್ಪ ಕಣ್ಣು ಮುಚ್ಚಿ ಬೆರಳಾಡಿಸಿದರು. ಅರ್ಧ ಒಬ್ಬಟ್ಟು ತಿಂದರು.

ಮಧ್ಯಾಹ್ನ ಸಂಸ್ಥೆಗೆ ಹೋದೆ. ಸರ್ ಪಂಚಾಂಗವನ್ನು ನಗುತ್ತ ನಂಬಿ ಆಗಲೇ ಬಂದಿದ್ದರು. ಚಿತ್ರದಲ್ಲಿ ಸಣ್ಣ ಗೆರೆ. ಒಂದೇ ಮಗ್ಗದ ಗೆರೆ ಹೇಗಿರುತ್ತದೆ ಎಂದು ಇವತ್ತು ನೋಡಿದೆ. ಎರಡು ಚುಕ್ಕೆಯನ್ನು ಒಂದು ಮಾಡಲು ಅಷ್ಟು ಸಾಕು.

"ನೋಡಿ, ನಿಮ್ಮ ಅಮಾವಾಸ್ಯೇನೂ ಕೈ ಕೊಡ್ತು," ಎಂದರು ಸರ್.

ನವೆಂಬರ್ ೧೨

ಗೆರೆ.

ನವೆಂಬರ್ ೧೭

ಗೆರೆ. ಅಪ್ಪ ಅರ್ಧ ಲೋಟ ಗಂಜಿ.

ನವೆಂಬರ್ ೨೧

ಅಪ್ಪ ಕಾಲು ಲೋಟ. ಅದೂ ಮೂರನೆಯ ಮಗ್ಗ ಓಡುತ್ತಿರುವಾಗ ಮಾತ್ರ. ಅದರ ಮೋಟಾರಿನ ಬೆಲ್ಟು ಸಡಿಲವಾಗಿ ಏಟು ಸ್ವಲ್ಪ ತಡವಾಗಿ ಬೀಳುತ್ತಿತ್ತು. ಅಪ್ಪನ ಬೆರಳು ತಡವರಿಸಿದ್ದನ್ನು ನೋಡಿ ನನಗೆ ತಿಳಿಯಿತು. ಅಣ್ಣನಿಗೆ ಹೇಳಿ ಬಿಗಿ ಮಾಡಿಸಿದೆ. ನಾನೇ ಪಾನಾ ಹಿಡಿದೆ. ಸಂಸ್ಥೆಗೆ ಹೋಗಲು ತಡವಾಯಿತು.

ಡಿಸೆಂಬರ್ ೫, ಶುಕ್ರವಾರ

ಜನರೇಟರಿನಲ್ಲಿ ಓಡಿಸಿ ನೋಡಿದೆವು. ನಲವತ್ತು ಮಗ್ಗ ಒಟ್ಟಿಗೆ ಹಾಕಿದಷ್ಟು ಗೆರೆ. ಹೊಸ ಫಿಲ್ಟರು ಬರಲು ಆರು ತಿಂಗಳು. ಸುರುಳಿಯನ್ನು ಹನ್ನೊಂದನೆಯ ಸಲ ಸುತ್ತಿದೆ. ನನ್ನ ಕೈಯಲ್ಲಿ ಇದ್ದದ್ದು ಅದೊಂದೇ, ಮಾಡಿದೆ. ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಡಿಸೆಂಬರ್ ೯, ಮಂಗಳವಾರ

ಕೊನೆಗೆ ಕುಮಾರಣ್ಣನಿಗೆ ಎಲ್ಲವನ್ನೂ ಹೇಳಿದೆ. ಮೋಟಾರು, ಟ್ರಾನ್ಸ್‌ಫಾರ್ಮರು, ಗೆರೆ, ಸಮಿತಿ. ಅವನು ಬೀಡಿ ಆರಿಸಿದ.

"ಲೇ, ಇದನ್ನ ಮೂರು ತಿಂಗ್ಳು ಹೊಟ್ಟೇಲಿಟ್ಕೊಂಡಿದ್ಯಾ? ಗುರುವಾರ ಹನ್ನೊಂದಕ್ಕೆ ತಾನೆ. ಅರ್ಧ ಗಂಟೆ ನಿಲ್ಲಿಸ್ತೀನಿ ಬಿಡು. ಅಪ್ಪನ್ನ ಅಮ್ಮ ಸುಧಾರಿಸ್ಕೋತಾಳೆ."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಒಳಗೆ ಹೋಗಿ ಅಪ್ಪನ ಪಕ್ಕ ಕೂತೆ. ಅವರು ಈಗ ಕಡ್ಡಿಯಾಗಿದ್ದಾರೆ. ಎಡಗೈಯನ್ನು ನನ್ನ ಅಂಗೈಯಲ್ಲಿ ಇಟ್ಟುಕೊಂಡೆ. ಬೆರಳು ಅಲ್ಲೂ ಬಡಿಯುತ್ತಿತ್ತು, ನಿಧಾನವಾಗಿ, ಮೂರನೆಯ ಮಗ್ಗದ ಜೊತೆ. ಬಹಳ ಹೊತ್ತು ಹಾಗೇ ಕೂತಿದ್ದೆ.

ಹೊರಗೆ ಬಂದು, "ಬೇಡ ಅಣ್ಣ, ನಿಲ್ಲಿಸಬೇಡ," ಎಂದೆ.

"ನಿನ್ ಕೆಲ್ಸ ಹೋಗ್ತದಲ್ಲೋ."

"ಹೋಗ್ಲಿ. ನೀನು ನಿಲ್ಲಿಸ್ಬೇಡ, ಅಷ್ಟೆ."

ಯಾಕೆ ಹಾಗೆಂದೆನೋ.

ಡಿಸೆಂಬರ್ ೧೩, ಶನಿವಾರ

ಗುರುವಾರದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಸಮಿತಿಯ ಐದು ಜನ ಬಂದು ಕೂತರು. ಲಕ್ಕಮ್ಮ ಅರಿವಳಿಕೆಯ ಇಲಿಯನ್ನು ತಂದುಕೊಟ್ಟಳು. ನಾನು ಸುರುಳಿ ಕೂರಿಸಿ ಒಳಗೆ ಕಳಿಸಿದೆ. ಗೆರೆ. ಸರ್ ಏನೇನೋ ವಿವರಿಸುತ್ತಿದ್ದರು. ಹನ್ನೊಂದೂವರೆಯವರೆಗೂ ಗೆರೆ. ಸಮಿತಿಯ ಹಿರಿಯರು ಕೈಗಡಿಯಾರ ನೋಡಿಕೊಂಡರು.

ಹನ್ನೊಂದು ನಲವತ್ತಕ್ಕೆ ಗೆರೆ ಹೋಯಿತು.

ಒಂದೊಂದಾಗಿ ಹೋಗಲಿಲ್ಲ. ನಾಲ್ಕು ಮಗ್ಗದ ಗೆರೆಯೂ ಒಂದೇ ಸಲಕ್ಕೆ. ಮೇನ್ ಸ್ವಿಚ್ಚನ್ನೇ ಎಳೆದಿದ್ದಾರೆ ಎಂದುಕೊಂಡೆ. ಕರೆಂಟು ಹೋಗಿದ್ದರೆ ನಮಗೂ ಹೋಗುತ್ತಿತ್ತು. ಅಣ್ಣ ನನ್ನ ಮಾತು ಕೇಳಲಿಲ್ಲ, ತಮ್ಮ ಉಳಿಯಲಿ ಎಂದು ನಿಲ್ಲಿಸಿಬಿಟ್ಟ. ಬೇಡ ಎಂದಿದ್ದರೂ ಕಣ್ಣಲ್ಲಿ ನೀರು ಬಂತು. ತೆರೆಯ ಮೇಲೆ ಎರಡು ಚುಕ್ಕೆ ಬಂದವು. ಬಿಡಿಬಿಡಿಯಾಗಿ, ಅಕ್ಟೋಬರಿನಲ್ಲಿ ಬಂದದ್ದಕ್ಕಿಂತ ತಿಳಿಯಾಗಿ. ಸರ್ ನನ್ನ ಹೆಗಲು ಹಿಡಿದುಕೊಂಡರು, ಬಿಡಲೇ ಇಲ್ಲ.

ಅರ್ಧ ಗಂಟೆ ಎಂದಿದ್ದ ಅಣ್ಣ. ಹನ್ನೆರಡು ಹತ್ತಾಯಿತು. ಗೆರೆ ಬರಲಿಲ್ಲ. ಹನ್ನೆರಡೂವರೆ. ಬರಲಿಲ್ಲ. ಅಪ್ಪ ಅಷ್ಟು ಹೊತ್ತು ಸುಮ್ಮನಿರುವವರಲ್ಲ. ಅಮ್ಮ ಅಷ್ಟು ಹೊತ್ತು ಬಿಡುವವಳಲ್ಲ.

ಅಮಾವಾಸ್ಯೆಯಲ್ಲದ ದಿನ ನಮ್ಮವರು ನಾಲ್ಕೂ ಮಗ್ಗ ನಿಲ್ಲಿಸಿ ಹಾಗೇ ಬಿಡುವುದು ಒಂದೇ ಕಾರಣಕ್ಕೆ. ಅದು ನನಗೆ ಹುಟ್ಟಿದಾಗಿನಿಂದ ಗೊತ್ತು.

"ಇನ್ನೊಂದು ಸಲ ತೋರಿಸ್ತೀರಾ?" ಎಂದು ಸಮಿತಿಯ ಹಿರಿಯರು ಕೇಳಿದರು. ತೋರಿಸಿದೆ. "ಬೇರೆ ಮೀಸೆ?" ಅದನ್ನೂ ತೋರಿಸಿದೆ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ನಾನು ಎದ್ದರೆ ಸುರುಳಿ ಹೊಂದಿಸುವವರು ಬೇರೆ ಇರಲಿಲ್ಲ, ಅದೂ ನಿಜ. ಎದ್ದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದ್ದೂ ನಿಜ. ಒಂದೂವರೆಯವರೆಗೆ ಅಪ್ಪನ ಸಾವನ್ನು ತೆರೆಯ ಮೇಲೆ ನೋಡುತ್ತ, ಅದರ ಮೇಲೆ ಇಲಿಯ ಮೀಸೆಯ ಹೆಸರು ಬರೆಯುತ್ತ ಕೂತಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಲಕ್ಕಮ್ಮ ಇಲಿಯನ್ನು ತೆಗೆದುಕೊಳ್ಳಲು ಬಂದವಳು ನನ್ನನ್ನು ನೋಡಿ ನಿಂತಳು. "ಚೆನ್ನಾಗ್ ಬಂತಂತಲ್ಲ ಚೌಡೇಸಣ್ಣ, ಯಾಕ್ ಹಿಂಗಿದ್ದೀರ?"

"ನಮ್ಮಪ್ಪ ಹೋಗ್ಬಿಟ್ರು ಲಕ್ಕಮ್ಮ."

"ಅಯ್ಯೋ, ಯಾರ್ ಬಂದ್ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಹೇಳಲು ಬಂದವರನ್ನು, ಒಳಗೆ ದೊಡ್ಡವರಿದ್ದಾರೆ ಎಂದು ಗೇಟಿನಲ್ಲೇ ಕೂರಿಸಿದ್ದರು.

ಅಪ್ಪನನ್ನು ಮೂರನೆಯ ಮಗ್ಗದ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಅಮ್ಮ, "ಹನ್ನೊಂದೂ ಮುಕ್ಕಾಲಿಗೆ ಕಣಪ್ಪ," ಎಂದಳು. ನಾನು, "ಇಲ್ಲಮ್ಮ, ನಲವತ್ತಕ್ಕೆ," ಎಂದೆ.

ಡಿಸೆಂಬರ್ ೨೦, ಶನಿವಾರ

ವಸಂತ್ ಸರ್ ಮಾತಾಡಿಸಲು ಬಂದಿದ್ದರು. ಕಿತ್ತಳೆ ಹಣ್ಣು ತಂದಿದ್ದರು. ಅಮ್ಮನಿಗೆ ಕೈ ಮುಗಿದರು. ಅಯಸ್ಕಾಂತ ಇಲ್ಲೇ ಉಳಿಯುತ್ತದಂತೆ, ಕಾಗದ ಬಂದಿದೆ. ಸಾವಿನ ಮನೆಯಲ್ಲಿ ಸಂತೋಷ ತೋರಿಸಬಾರದೆಂದು ಅವರು ಮುಖವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಒಳ್ಳೆಯವರು.

ಆಮೇಲೆ ಮೆಲ್ಲಗೆ ಹೇಳಿದರು. "ಚೌಡೇಶ್, ಒಂದು ವಿಚಿತ್ರ. ನೀವು ರಜ ಹಾಕಿದ ಮೇಲೂ ದಿನಾ ಬರ್ತಿದೆ. ಒಂದು ಗೆರೆ ಇಲ್ಲ ರೀ. ಒಂದು ವರ್ಷದಿಂದ ಸಿಗದೆ ಇದ್ದದ್ದು ಒಂಬತ್ತು ದಿನದಲ್ಲಿ ಸಿಕ್ಕಿದೆ. ಏನು ಬದಲಾಯ್ತು ಅಂತಾನೇ ತಿಳೀತಿಲ್ಲ."

ಕುಮಾರಣ್ಣ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದ. ಆದರೂ ಹೇಳಿದೆ.

"ಸೂತಕ ಸರ್. ಈ ಮಗ್ಗ ನಿಂತಿವೆ."

ಸರ್ ಬಟ್ಟೆ ಹೊದಿಸಿದ ನಾಲ್ಕು ಮಗ್ಗಗಳನ್ನು ನೋಡಿದರು. ಶೆಡ್ಡಿನ ವೈರನ್ನು ನೋಡಿದರು. ಬಾಗಿಲಿನಿಂದಾಚೆ ಕಾಣುವ ಟ್ರಾನ್ಸ್‌ಫಾರ್ಮರನ್ನು ನೋಡಿದರು. ಬುದ್ಧಿವಂತರು, ಬಿಡಿಸಿ ಹೇಳಬೇಕಾಗಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತೇನ್ರೀ?"

"ಹೇಳಿದ್ರೆ ಏನ್ ಮಾಡ್ತಿದ್ರಿ ಸರ್?"

ಸರ್ ಮತ್ತೆ ಮಗ್ಗಗಳ ಕಡೆ ತಿರುಗಿ, ತಾವು ಏನು ಕೇಳುತ್ತಿದ್ದೇವೆ ಎಂಬ ಪರಿವೆಯೇ ಇಲ್ಲದೆ, "ಇನ್ನೂ ಎಷ್ಟು ದಿನ ನಿಂತಿರ್ತವೆ?" ಎಂದರು. ಕೇಳಿದ ಮೇಲೆ ತಿಳಿಯಿತು. ತಲೆ ತಗ್ಗಿಸಿ, "ತಪ್ಪಾಯ್ತು ಚೌಡೇಶ್," ಎಂದರು.

"ನಾಳೆಗೆ ಹನ್ನೊಂದು ದಿನ ಸರ್. ನಾಡಿದ್ದು ಶುರು."

ಡಿಸೆಂಬರ್ ೨೨, ಸೋಮವಾರ

ಬೆಳಿಗ್ಗೆ ಮಗ್ಗಗಳನ್ನು ತೊಳೆದು ಕುಂಕುಮ ಇಟ್ಟೆವು. ಕುಮಾರಣ್ಣ ಸ್ವಿಚ್ಚಿನ ಹತ್ತಿರ ಹೋದವನು ಹಿಂದೆ ಸರಿದು, "ನೀನು ಹಾಕು," ಎಂದ. ನನಗೆ ಗೊತ್ತಿತ್ತು, ಸರ್ ದಿನಾ ಹತ್ತು ಗಂಟೆಗೆ ಇಲಿಯನ್ನು ಒಳಗೆ ಕಳಿಸುತ್ತಾರೆ. ಆಗ ಹತ್ತೂ ಐದು.

"ಯಾಕ್ ನಿಂತ್ಕೊಂಡೆ, ಹಾಕಪ್ಪ," ಎಂದಳು ಅಮ್ಮ.

ಹಾಕಿದೆ.